ವೈಟ್‌ಫೀಲ್ಡ್ ಫ್ಲ್ಯಾಟಿನಲ್ಲಿ ಕಡಲ ತೊಟ್ಟಿ: ದೊಡ್ಡದು ಮಾಡುವ ಮುಂಚೆ ನೀರು, ಉಪ್ಪು, ಕಾನೂನಿನ ಲೆಕ್ಕ

ಕೃಷಿ ಪುಟದಲ್ಲಿ ಉಪ್ಪುನೀರಿನ ಅಕ್ವೇರಿಯಂ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಇದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಬಾಲ್ಕನಿ ತೋಟ, ತಾರಸಿ ತೋಟ ಮಾಡುವವರಲ್ಲಿ ಕೆಲವರ ಮನೆಯಲ್ಲಿ ಈಗ ಸಮುದ್ರದ ಮೀನಿನ ತೊಟ್ಟಿಯೂ ಇದೆ. ಅವರಿಂದ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಮೂರೇ. ತೊಟ್ಟಿಯಿಂದ ತೆಗೆದ ನೀರನ್ನು ಗಿಡಕ್ಕೆ ಹಾಕಬಹುದಾ? ಆರ್‌ಓ ಯಂತ್ರ ಬಿಡುವ ವೇಸ್ಟ್ ನೀರು ತೋಟಕ್ಕೆ ಆಗುತ್ತಾ? ತೊಟ್ಟಿ ದೊಡ್ಡದು ಮಾಡಿ ಹವಳ ಬೆಳೆಸಬೇಕು ಅಂತಿದೀವಿ, ಏನು ನೋಡ್ಕೋಬೇಕು?

ಮೊದಲನೆಯದಕ್ಕೆ ಉತ್ತರ: ಬೇಡವೇ ಬೇಡ. ಎರಡನೆಯದಕ್ಕೆ: ಆಗುತ್ತೆ, ಆದರೆ ಗಿಡ ನೋಡಿ ಹಾಕಬೇಕು. ಮೂರನೆಯದು ಸ್ವಲ್ಪ ಉದ್ದದ ಉತ್ತರ, ಅದು ಕಾನೂನಿನಿಂದಲೇ ಶುರುವಾಗಬೇಕು.

ಮೊದಲು ಕಾನೂನು

ಹವಳ ನೋಡೋಕೆ ಗಿಡದ ಹಾಗಿದ್ದರೂ ಅದು ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಹುಲಿ, ಆನೆ ಇರುವ ಪಟ್ಟಿಯೇ ಅದು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ, ಕಪ್ಪು ಹವಳ, ಕೊಳಲು ಹವಳ, ಬೆಂಕಿ ಹವಳ, ಬೀಸಣಿಗೆ ಹವಳ ಇದರಲ್ಲಿ ಬರುತ್ತವೆ. ಕಡಲಕುದುರೆಗೂ ಕಾಯ್ದೆಯ ರಕ್ಷಣೆ ಇದೆ. ಜೀವಂತ ಇದ್ದರೂ ಅಷ್ಟೇ, ಒಣಗಿದ ತುಂಡಾದರೂ ಅಷ್ಟೇ. ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಮೇಲೆ ದಂಡ.

'ಇಂಪೋರ್ಟೆಡ್ ಮಾಲು ಸಾರ್, ಏನೂ ತೊಂದರೆ ಇಲ್ಲ' ಅನ್ನೋ ಮಾತನ್ನು ಹಾಗೇ ನಂಬಬೇಡಿ. ಗಟ್ಟಿ ಹವಳಗಳು ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಪರವಾನಗಿ ಇಲ್ಲದೆ ದೇಶದ ಗಡಿ ದಾಟಿಸುವ ಹಾಗಿಲ್ಲ. ಬಿಲ್ ಇಲ್ಲ, ಆಮದು ಪತ್ರ ಇಲ್ಲ ಅಂದರೆ ಆ ತುಂಡು ಮನ್ನಾರ್ ಕೊಲ್ಲಿಯಿಂದಲೋ ಲಕ್ಷದ್ವೀಪದಿಂದಲೋ ಕಿತ್ತು ತಂದದ್ದಿರಬಹುದು. ನಮ್ಮದೇ ಕರಾವಳಿಯಲ್ಲಿ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಅದಕ್ಕೂ ಇದೇ ಕಾನೂನು. ಉಂಡೆಯಾಗಿ ಬೆಳೆಯುವ ಹವಳ ವರ್ಷಕ್ಕೆ ಬೆಳೆಯೋದೇ ಸುಮಾರು ಒಂದು ಸೆಂಟಿಮೀಟರ್. ತೆಂಗಿನಕಾಯಿ ಗಾತ್ರದ್ದನ್ನು ಕಿತ್ತರೆ ಹತ್ತಿರ ಹತ್ತಿರ ಹತ್ತು ವರ್ಷದ ಬೆಳೆ ಹೋಯ್ತು ಅಂತಲೇ ಲೆಕ್ಕ. ಸಮುದ್ರ ಬಿಸಿಯಾಗಿ ಹವಳಗಳು ಬಿಳುಚಿಕೊಳ್ಳುತ್ತಿರುವ ಕಾಲ ಬೇರೆ ಇದು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳುಚುವಿಕೆಯನ್ನು ಘೋಷಿಸಿದರು; ಅದೇ ವರ್ಷ ಲಕ್ಷದ್ವೀಪದ ಹವಳಕ್ಕೂ ಪೆಟ್ಟು ಬಿತ್ತು.

ಹಾಗಾದರೆ ಏನು ಇಡಬಹುದು? ಸಿಮೆಂಟ್ ಅಥವಾ ಸೆರಾಮಿಕ್‌ನಲ್ಲಿ ಮಾಡಿದ ಕೃತಕ ಬಂಡೆ, ಅದರ ಮೇಲೆ ತಾನಾಗೇ ಹಬ್ಬುವ ಗುಲಾಬಿ ಬಣ್ಣದ ಸುಣ್ಣಪಾಚಿ, ಬೇರೆ ಬೇರೆ ಕಡಲಪಾಚಿ, ಮೊಟ್ಟೆಕೇಂದ್ರದಲ್ಲಿ ಹುಟ್ಟಿದ ಕ್ಲೌನ್ ಮೀನು. ಇಷ್ಟರಲ್ಲೇ ಚೆಂದದ ಕಡಲ ತೋಟ ಆಗುತ್ತದೆ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ರೂಪಿಸಿದ್ದಾರೆ, ಹಾಗಾಗಿ ಕಡಲಿಂದ ಹಿಡಿದದ್ದೇ ಬೇಕು ಅಂತಿಲ್ಲ. ಅಂಗಡಿಯವರು ತೋರಿಸುವ ಮೆತ್ತನೆ ಜಾತಿಗಳ ಬಗ್ಗೆ ಅನುಮಾನ ಇದ್ದರೆ ಹೆಸರು, ಬಿಲ್ಲು ಎರಡೂ ಇಟ್ಟುಕೊಂಡು ಮಲ್ಲೇಶ್ವರದ ಅರಣ್ಯ ಭವನಕ್ಕೆ ಲಿಖಿತವಾಗಿ ಕೇಳಿ. ಉತ್ತರ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.

ನೀರು: ಟ್ಯಾಂಕರ್ ಬದಲಾದರೆ ಎಲ್ಲ ಬದಲಾಗುತ್ತೆ

ಕಡಲ ನೀರು ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಲವಣ. ಮನೆಯಲ್ಲಿ ಅದನ್ನು ಅಕ್ವೇರಿಯಂ ಉಪ್ಪಿನಿಂದ ತಯಾರಿಸುತ್ತೇವೆ. ಅಡುಗೆ ಉಪ್ಪು, ಕಲ್ಲುಪ್ಪು ಆಗಲ್ಲ. ಕಲಸುವ ನೀರು ಶುದ್ಧವಾಗಿರಬೇಕು. ಇಲ್ಲೇ ನಮ್ಮ ಕಡೆಯ ತೊಂದರೆ ಶುರು. ಬೋರ್‌ವೆಲ್ ನೀರು ಗಡಸು, ಬಹಳ ಕಡೆ ನೈಟ್ರೇಟ್ ಕೂಡ ಜಾಸ್ತಿ. ಇವತ್ತು ಬಂದ ಟ್ಯಾಂಕರಿನ ಟಿಡಿಎಸ್ 500 ಇದ್ದರೆ ನಾಳೆಯದು 1000 ಇರಬಹುದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾದ ಮೇಲೆ ಹೊರವಲಯದ 110 ಹಳ್ಳಿಗಳ ವ್ಯಾಪ್ತಿಗೆ ನದಿ ನೀರು ಬರುತ್ತಿದೆ. ಅದು ಮೆದು ನೀರು, ಆದರೆ ಕ್ಲೋರಿನ್ ಇರುತ್ತದೆ.

ಎರಡಕ್ಕೂ ದಾರಿ ಒಂದೇ: ಕೆಸರು ಫಿಲ್ಟರ್, ಇದ್ದಿಲು ಫಿಲ್ಟರ್, ಆರ್‌ಓ, ಕೊನೆಗೆ ಡಿಐ ರೆಸಿನ್. ಹೊರಬರುವ ನೀರಿನ ಟಿಡಿಎಸ್ ಸೊನ್ನೆ ಇರಬೇಕು. ಕುಡಿಯುವ ನೀರಿನ ಆರ್‌ಓದಲ್ಲಿ 30-50 ಉಳಿದಿರುತ್ತದೆ, ಅದು ಸಾಲದು. ಉಳಿದದ್ದೇ ಬೇಡದ ಪಾಚಿಗೆ ಗೊಬ್ಬರವಾಗುತ್ತೆ.

ಈಗ ಬಳಕೆಯ ಲೆಕ್ಕ. 300 ಲೀಟರಿನ ತೊಟ್ಟಿಗೆ ವಾರಕ್ಕೆ ಶೇ. 10ರಷ್ಟು ನೀರು ಬದಲಾಯಿಸಿದರೆ 30 ಲೀಟರ್. ದಿನಕ್ಕೆ 4 ಲೀಟರ್ ಆವಿಯಾದರೆ ವಾರಕ್ಕೆ 28 ಲೀಟರ್. ಒಟ್ಟು 58 ಲೀಟರ್ ಶುದ್ಧ ನೀರು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ವೇಸ್ಟ್ ಹೋಗುವ ಯಂತ್ರವಾದರೆ ವಾರಕ್ಕೆ ಸುಮಾರು 175 ಲೀಟರ್ ಹೊರಗೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯೋಕೆ, ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂದದ್ದು ನೆನಪಿರಬಹುದು. ಅಂಥ ಬೇಸಿಗೆ ಮತ್ತೆ ಬರಲ್ಲ ಅಂತ ಹೇಳೋಕಾಗಲ್ಲ. ಈ 175 ಲೀಟರನ್ನು ಮೋರಿಗೆ ಬಿಡುವ ಮನೆ ತೊಟ್ಟಿ ದೊಡ್ಡದು ಮಾಡಬಾರದು.

ಬಿಡಬೇಕಾಗಿಯೂ ಇಲ್ಲ. 600 ಟಿಡಿಎಸ್ ನೀರು ಒಳಗೆ ಹೋದರೆ ವೇಸ್ಟ್ ನೀರಿನದು 800 ಆಗುತ್ತೆ, ಅಷ್ಟೇ. ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಧಾರಾಳವಾಗಿ ಬಳಸಬಹುದು. ತೆಂಗು, ಸಪೋಟ ತಡೆದುಕೊಳ್ಳುತ್ತವೆ. ಹುರುಳಿಕಾಯಿ, ಕ್ಯಾರೆಟ್, ಸ್ಟ್ರಾಬೆರಿಗೆ ಹಾಕಬೇಡಿ, ಅವು ಉಪ್ಪಿಗೆ ಬೇಗ ಸೊರಗುತ್ತವೆ. ಕುಂಡಕ್ಕೆ ಹಾಕುವುದಾದರೆ ತಳದಿಂದ ನೀರು ಬಸಿದು ಹೋಗುವಷ್ಟು ಹಾಕಿ, ಮಳೆಗಾಲದಲ್ಲಿ ಕುಂಡವನ್ನು ಮಳೆಗೆ ಬಿಡಿ.

ತೊಟ್ಟಿಯಲ್ಲೂ ಇದೇ ನಿಯಮ. ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ಆದ್ದರಿಂದ ದಿನಾ ತುಂಬಿಸಬೇಕಾದ್ದು ಸಿಹಿನೀರು, ಉಪ್ಪುನೀರಲ್ಲ.

ಮಣ್ಣು ಪರೀಕ್ಷೆ ಇದ್ದಂತೆ ನೀರು ಪರೀಕ್ಷೆ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಅಂತ ಈ ಪುಟದಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಇಲ್ಲೂ ಅದೇ ಮಾತು. ಇಟ್ಟುಕೊಳ್ಳಬೇಕಾದ ಮಟ್ಟಗಳು:

- ಉಷ್ಣಾಂಶ: 25-26 ಡಿಗ್ರಿ
- ಪಿಎಚ್: 8.1ರಿಂದ 8.3
- ಕ್ಯಾಲ್ಸಿಯಂ: ಲೀಟರಿಗೆ 400-440 ಮಿ.ಗ್ರಾಂ
- ಮೆಗ್ನೀಸಿಯಂ: ಲೀಟರಿಗೆ 1250-1350 ಮಿ.ಗ್ರಾಂ
- ಕ್ಷಾರತೆ: 8-9 ಡಿಕೆಎಚ್
- ನೈಟ್ರೇಟ್: ಲೀಟರಿಗೆ 2-10 ಮಿ.ಗ್ರಾಂ
- ಅಮೋನಿಯಾ, ನೈಟ್ರೈಟ್: ಸೊನ್ನೆ

ಸುಣ್ಣಪಾಚಿ ಬೆಳೆದಂತೆ ಕ್ಯಾಲ್ಸಿಯಂ ಮತ್ತು ಕ್ಷಾರತೆ ಇಳಿಯುತ್ತವೆ. ತುಂಬಿಸುವ ಹಳೇ ವಿಧಾನ ನಮ್ಮ ರೈತರಿಗೆ ಗೊತ್ತಿರುವುದೇ: ಸುಣ್ಣದ ತಿಳಿ. ಲೀಟರ್ ಶುದ್ಧ ನೀರಿಗೆ ಸುಮಾರು 1.5 ಗ್ರಾಂ ಸುಣ್ಣ ಕಲಸಿ, ಮುಚ್ಚಿಟ್ಟು, ಮೇಲಿನ ತಿಳಿಯನ್ನು ಮಾತ್ರ ರಾತ್ರಿ ಹೊತ್ತು ಹನಿ ಹನಿಯಾಗಿ ಬಿಡುವುದು. ಆದರೆ ಬೋರ್ಡೊ ದ್ರಾವಣಕ್ಕೆ ತರುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇಡ, ಅದರಲ್ಲಿ ಬೇರೆ ಲೋಹ ಇರಬಹುದು. ಆಹಾರ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ಆ ತಿಳಿಯ ಪಿಎಚ್ 12ಕ್ಕಿಂತ ಹೆಚ್ಚು. ಒಂದೇ ಸಲ ಸುರಿದರೆ ಮೀನು ಸಾಯುತ್ತೆ, ಕಣ್ಣಿಗೆ ಬಿದ್ದರೆ ನಿಮಗೂ ಅಪಾಯ.

ದೊಡ್ಡ ತೊಟ್ಟಿಗೆ ಹೋಗುವಾಗ

ಮೊದಲು ನೆಲ ನೋಡಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ನೀರೇ 300 ಕಿಲೋ. ಗಾಜು, ಸ್ಟ್ಯಾಂಡ್, ಬಂಡೆ, ಕೆಳಗಿನ ಫಿಲ್ಟರ್ ತೊಟ್ಟಿ ಸೇರಿದರೆ 500 ಕಿಲೋ ಹತ್ತಿರ. ಇಷ್ಟೂ ಭಾರ ಸುಮಾರು ಅರ್ಧ ಚದರ ಮೀಟರ್ ಜಾಗದ ಮೇಲೆ. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕು ಅನ್ನುತ್ತೆ ಭಾರತೀಯ ಮಾನಕ 875. ಭಾರ ಸುತ್ತಲಿನ ನೆಲಕ್ಕೂ ಹಂಚಿಹೋಗುತ್ತೆ ನಿಜ, ಆದರೂ ಕೋಣೆಯ ನಡುವೆ ಬೇಡ. ಬೀಮ್ ಇರುವ ಗೋಡೆಗೆ ಒತ್ತಿ ಇಡಿ, ಇಡುವ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಕಟ್ಟಡದ ನಕ್ಷೆ ತೋರಿಸಿ.

ಎರಡನೆಯದು, ಬ್ಯಾಕ್ಟೀರಿಯಾ. ಗೊಬ್ಬರದ ಸಾರಜನಕವನ್ನು ಮಣ್ಣಿನ ಜೀವಿಗಳು ನೈಟ್ರೇಟ್ ಮಾಡುವ ಹಾಗೆಯೇ ತೊಟ್ಟಿಯಲ್ಲೂ ಅಮೋನಿಯಾ ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗುತ್ತೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು 4-6 ವಾರ ಬೇಕು. ಹಳೇ ಬಂಡೆಯನ್ನು ಒಣಗಲು ಬಿಡದೆ ಉಪ್ಪುನೀರಿನಲ್ಲೇ ಇಟ್ಟು ಸಾಗಿಸಿದರೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತೆ. ಹಳೇ ಮರಳನ್ನು ಮಾತ್ರ ತರಬೇಡಿ. ಅದನ್ನು ಕಲಕಿದರೆ ತಳದಲ್ಲಿ ಕೂತ ಕೊಳೆ, ವಿಷಾನಿಲ ಎಲ್ಲ ಮೇಲೆ ಬರುತ್ತದೆ.

ಮೂರನೆಯದು, ಬೆಳಕು. ಅಂಗಾಂಶ ಕೃಷಿಯ ಬಾಳೆ ಸಸಿಯನ್ನು ಶೇಡ್‌ನೆಟ್ಟಿನಲ್ಲಿ ಹದ ಮಾಡಿ ಆಮೇಲೆ ಬಿಸಿಲಿಗೆ ನೆಡ್ತೀವಲ್ಲ, ಹಾಗೆಯೇ. ಹೊಸ ದೀಪವನ್ನು ಮೊದಲ ವಾರ ಅರ್ಧ ಬೆಳಕಿನಲ್ಲಿ ಇಟ್ಟು, ಮೂರು-ನಾಲ್ಕು ವಾರದಲ್ಲಿ ಏರಿಸಿ. ದಿನಕ್ಕೆ 8-9 ಗಂಟೆ ಸಾಕು. ಹವಳದ ಮೈಯೊಳಗೆ ಪಾಚಿ ಕೂತು ಅದಕ್ಕೆ ಸಕ್ಕರೆ ಕೊಡುತ್ತೆ, ತೊಗರಿಯ ಬೇರುಗಂಟಿನ ಜೀವಿ ಸಾರಜನಕ ಕೊಡುವ ಹಾಗೆ. ಬಿಸಿ ಅಥವಾ ಬೆಳಕು ಅತಿಯಾದರೆ ಈ ನೆಂಟಸ್ತನ ಮುರಿಯುತ್ತೆ, ಬಿಳುಚುವುದು ಅಂದರೆ ಅದೇ.

ಕರೆಂಟ್ ಹೋದರೆ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹಾಗಾಗಿ ಇಲ್ಲಿಯ ನೀರಿನಲ್ಲಿ ಕರಗುವ ಆಮ್ಲಜನಕ ಕರಾವಳಿಗಿಂತ ಶೇ. 10ರಷ್ಟು ಕಮ್ಮಿ. ಉಪ್ಪುನೀರಿನಲ್ಲಿ, ಬಿಸಿ ನೀರಿನಲ್ಲಿ ಇನ್ನೂ ಕಮ್ಮಿ. ಏಪ್ರಿಲ್ ಮಧ್ಯಾಹ್ನ ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಪರವಾಗಿಲ್ಲ. ಪೀಣ್ಯದ ಸುತ್ತ ಬಿಡಿ ಮನೆಗಳಲ್ಲಿರುವವರು ಅಲೆ ಎಬ್ಬಿಸುವ ಪಂಪನ್ನು ಯುಪಿಎಸ್‌ಗೆ ಹಾಕಿ, ಜೊತೆಗೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ದೀಪ ಆರಿದರೆ ಒಂದು ದಿನ ಏನೂ ಆಗಲ್ಲ. ನೀರಿನ ಓಡಾಟ ನಿಲ್ಲಬಾರದು.

ಖರ್ಚು ಹೀಗೆ: 120 ವಾಟ್ ದೀಪ 9 ಗಂಟೆ, ಎಲ್ಲ ಪಂಪ್ ಸೇರಿ 70 ವಾಟ್ 24 ಗಂಟೆ ಅಂದರೆ ತಿಂಗಳಿಗೆ ಸುಮಾರು 83 ಯೂನಿಟ್. ಬೇಸಿಗೆಯಲ್ಲಿ 300 ವಾಟ್ ಚಿಲ್ಲರ್ ದಿನಕ್ಕೆ 8 ಗಂಟೆ ಓಡಿದರೆ ಇನ್ನೂ 72. ಗೃಹಜ್ಯೋತಿಯಲ್ಲಿ ಇರುವವರು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸುತ್ತೆ. ಆವಿ ಮಾತ್ರ ಹೆಚ್ಚಾಗುತ್ತೆ.

ತೆಗೆದ ಉಪ್ಪುನೀರು ಎಲ್ಲಿಗೆ?

ಗಿಡಕ್ಕೆ ಕೊಡುವ ನೀರಿನ ಇಸಿ 2 ದಾಟಿದರೆ ನಾವು ಹುಷಾರಾಗುತ್ತೇವೆ. ಕಡಲ ನೀರಿನದು 50ಕ್ಕಿಂತ ಹೆಚ್ಚು. ನೈಟ್ರೇಟ್ ಇದೆ, ಒಳ್ಳೇ ಗೊಬ್ಬರ ಅಂತ ಸಿಹಿನೀರಿನ ಅಕ್ವೇರಿಯಂ ಬಗ್ಗೆ ಹೇಳುವ ಮಾತನ್ನು ಇಲ್ಲಿಗೆ ತರಬೇಡಿ. ಒಂದು ಲೀಟರ್ ಹಾಕಿದರೆ ಕುಂಡಕ್ಕೆ 35 ಗ್ರಾಂ ಉಪ್ಪು ಹಾಕಿದ ಹಾಗೆ. ಬೇರು ನೀರು ಎಳೆಯಲ್ಲ, ಸೋಡಿಯಂ ಸೇರಿ ಕೆಮ್ಮಣ್ಣು ಹೆಪ್ಪುಗಟ್ಟುತ್ತೆ. ಹತ್ತು ಪಾಲು ನೀರು ಬೆರೆಸಿ ಹಾಕಿದರೂ ಇಸಿ 5ರ ಆಸುಪಾಸೇ.

ಮಳೆನೀರಿನ ಚರಂಡಿಗೂ ಬೇಡ, ಅದು ಹೋಗಿ ಸೇರೋದು ಕೆರೆಗೆ. ಟಾಯ್ಲೆಟ್ಟಿಗೆ ಸುರಿಯಿರಿ. ವಾರಕ್ಕೆ 30 ಲೀಟರ್ ಅಂದರೆ ಸುಮಾರು ಒಂದು ಕಿಲೋ ಉಪ್ಪು. ದಿನಕ್ಕೆ 80,000 ಲೀಟರ್ ನೀರು ಬಳಸುವ ಅಪಾರ್ಟ್‌ಮೆಂಟಿನಲ್ಲಿ ಅದು ಲೀಟರಿಗೆ 13 ಮಿ.ಗ್ರಾಂ, ಗೊತ್ತೇ ಆಗಲ್ಲ. ಆದರೆ ತೊಟ್ಟಿ ಪೂರ್ತಿ ಖಾಲಿ ಮಾಡುವಾಗ ಒಂದೇ ದಿನ 300 ಲೀಟರ್ ಬಿಡಬೇಡಿ. ಎಸ್‌ಟಿಪಿ ಉಪ್ಪನ್ನು ತೆಗೆಯಲ್ಲ, ಅದೇ ನೀರು ನಿಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ ಬರುತ್ತೆ. ಹತ್ತು ದಿನಕ್ಕೆ ಹಂಚಿ ಬಿಡಿ.

ಕೈಗವಸು ಮರೆಯಬೇಡಿ

ಬಟನ್ ಪಾಲಿಪ್ ಅಂತ ಮಾರುವ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತೆ. ಅವು ಹಬ್ಬಿದ ಬಂಡೆಯನ್ನು ಕುದಿಸುವುದು, ಬಿಸಿನೀರಲ್ಲಿ ಉಜ್ಜುವುದು ಮಾಡಿದರೆ ಆ ವಿಷ ಹಬೆಯಲ್ಲಿ ಸೇರಿ ಮನೆಮಂದಿಗೆಲ್ಲ ಉಸಿರಾಟದ ತೊಂದರೆ ಆಗಬಹುದು. ಕೈಗವಸು, ಕನ್ನಡಕ ಹಾಕಿಯೇ ಮುಟ್ಟಿ. ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಕೊನೆಗೆ, ದೊಡ್ಡ ತೊಟ್ಟಿ ಯಾರಿಗೆ ಸರಿ? ಈಗಿನ ಸಣ್ಣ ತೊಟ್ಟಿಯ ನೀರಿನ ಲೆಕ್ಕವನ್ನು ಆರು ತಿಂಗಳು ಬಿಡದೆ ಬರೆದಿಟ್ಟವರಿಗೆ, ವೇಸ್ಟ್ ನೀರಿಗೆ ಡ್ರಮ್ ಇಟ್ಟವರಿಗೆ, ಊರಿಗೆ ಹೋದಾಗ ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರು ಇರುವವರಿಗೆ. ಉಳಿದವರು ಸಣ್ಣದರಲ್ಲೇ ಇರಿ, ನಷ್ಟವೇನಿಲ್ಲ. ಹವಳವನ್ನು ಬಂಡೆಯ ಮೇಲೆ ನೋಡಲೇಬೇಕು ಅಂದರೆ ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರಕ್ಕೆ ಹೋಗಿ. ನೇತ್ರಾಣಿಯ ಹತ್ತಿರ ನೀರಿಗಿಳಿದು ನೋಡುವ ವ್ಯವಸ್ಥೆ ಇದೆ. ನೋಡಿ ಬನ್ನಿ, ಏನನ್ನೂ ತರಬೇಡಿ.