ಕಾಲಿನ ಮೇಲೆ ಬಲೆಯಂಥ ನೇರಳೆ ಗೆರೆ: ಬರೀ ಚರ್ಮದ ಸಮಸ್ಯೆ ಅಂತ ಬಿಡಬೇಡಿ

ತೊಡೆ, ಕಾಲು ಅಥವಾ ತೋಳಿನ ಮೇಲೆ ಮೀನಿನ ಬಲೆ ಹಾಸಿದ ಹಾಗೆ ನೇರಳೆ ಗೆರೆ ಕಾಣಿಸಿಕೊಂಡರೆ ‘ಚಳಿಗೆ ಹಾಗಾಗಿರಬೇಕು’ ಅಂತ ಸುಮ್ಮನಾಗುವವರೇ ಹೆಚ್ಚು. ಬಹಳ ಸಲ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಅದು ಒಳಗೆ ರಕ್ತ ಹೆಪ್ಪುಗಟ್ಟುತ್ತಿರುವುದರ ಸುಳಿವು.

ಏನಿದು ಕಾಯಿಲೆ?

ಹೆಸರು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಚಿಕ್ಕದಾಗಿ ಎಪಿಎಸ್. ರೋಗಾಣುಗಳ ಜೊತೆ ಹೋರಾಡಬೇಕಾದ ಪ್ರತಿಕಾಯಗಳು ನಮ್ಮ ದೇಹದ ಮೇಲೇ ತಿರುಗಿ ಬೀಳುತ್ತವೆ. ಆಗ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತೆ. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. ಕಾಲಿನ ರಕ್ತನಾಳದಲ್ಲಿ ಹೆಪ್ಪು, ಚಿಕ್ಕ ವಯಸ್ಸಿಗೇ ಪಾರ್ಶ್ವವಾಯು, ಮತ್ತೆ ಮತ್ತೆ ಗರ್ಭಪಾತ ಇದರ ಮುಖ್ಯ ತೊಂದರೆಗಳು. ಲೂಪಸ್ ಇರುವವರಲ್ಲಿ ಇದು ಹೆಚ್ಚು.

ಚರ್ಮದಲ್ಲಿ ಏನು ಕಾಣುತ್ತೆ?

* ಬಲೆಯಂಥ, ಅಲ್ಲಲ್ಲಿ ತುಂಡಾದ ನೇರಳೆ ಗೆರೆ. ಕಪ್ಪು ಮೈಬಣ್ಣದವರಲ್ಲಿ ಇದು ಕಂದು ಬಣ್ಣಕ್ಕೆ ಕಾಣಬಹುದು, ಸುಲಭವಾಗಿ ಗೊತ್ತಾಗಲ್ಲ.
* ಕಾಲಿನ ಗಿಣ್ಣಿನ ಹತ್ತಿರ ಬೇಗ ಮಾಯದ, ನೋಯುವ ಹುಣ್ಣು.
* ಕೈ, ಕಾಲಿನ ಬೆರಳ ತುದಿ ನೀಲಿ ಅಥವಾ ಕಪ್ಪಾಗುವುದು.
* ಉಗುರಿನ ಕೆಳಗೆ ಸಣ್ಣ ಸಿಬಿರು ಚುಚ್ಚಿದಂಥ ಗೆರೆಗಳು.

ಚಳಿಯಿಂದ ಬಂದ ಗೆರೆ ಮೈ ಬೆಚ್ಚಗಾದರೆ ಮಾಯವಾಗುತ್ತೆ. ಬೆಚ್ಚಗಾದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ದಿನಾ ಒಲೆ ಮುಂದೆ ಕೂತು ಕಾಲು ಕಾಯಿಸುವವರಿಗೂ ಇಂಥದ್ದೇ ಕಂದು ಗೆರೆ ಬರುತ್ತೆ. ಅದು ಬೇರೆ, ಶಾಖದಿಂದ ಆಗಿದ್ದು.

ಎಲ್ಲವನ್ನೂ ಒಟ್ಟಿಗೆ ಹೇಳಿ

ತೊಂದರೆ ಆಗುವುದು ಇಲ್ಲೇ. ಕಾಲಿನ ಗೆರೆಯನ್ನು ಚರ್ಮದ ಡಾಕ್ಟರಿಗೆ ತೋರಿಸ್ತೀವಿ, ಗರ್ಭಪಾತದ ವಿಷಯ ಹೆರಿಗೆ ಡಾಕ್ಟರಿಗೆ ಮಾತ್ರ ಹೇಳ್ತೀವಿ. ಎರಡಕ್ಕೂ ನಂಟಿರಬಹುದು ಅನ್ನೋದು ಯಾರಿಗೂ ಹೊಳೆಯಲ್ಲ. ಹಾಗಾಗಿ ಹಿಂದೆ ಗರ್ಭ ನಿಲ್ಲದೇ ಹೋಗಿದ್ದರೆ, ಕಾಲಲ್ಲಿ ಹೆಪ್ಪುಗಟ್ಟಿದ್ದರೆ, ಪಾರ್ಶ್ವವಾಯು ಆಗಿದ್ದರೆ ಚರ್ಮ ತೋರಿಸಲು ಹೋದಾಗಲೂ ಹೇಳಿ. ಹಳೇ ಚೀಟಿಗಳನ್ನೂ ತಗೊಂಡು ಹೋಗಿ.

ಪರೀಕ್ಷೆ, ಚಿಕಿತ್ಸೆ

ಮೂರು ಬಗೆಯ ರಕ್ತಪರೀಕ್ಷೆ ಮಾಡ್ತಾರೆ: ಲೂಪಸ್ ಆ್ಯಂಟಿಕೊಆಗ್ಯುಲೆಂಟ್, ಆ್ಯಂಟಿಕಾರ್ಡಿಯೋಲಿಪಿನ್ ಮತ್ತು ಆ್ಯಂಟಿ ಬೀಟಾ-2 ಗ್ಲೈಕೊಪ್ರೋಟೀನ್. ಸೋಂಕು ಬಂದಾಗಲೂ ಇವು ಸ್ವಲ್ಪ ದಿನ ಪಾಸಿಟಿವ್ ಬರಬಹುದು. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.

ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ವಾರ್ಫರಿನ್ ಮಾತ್ರೆ ಕೊಡ್ತಾರೆ. ಆಗಾಗ ಐಎನ್‌ಆರ್ ಪರೀಕ್ಷೆ ತಪ್ಪಿಸಬಾರದು, ಮಾತ್ರೆಯನ್ನು ತಾವಾಗೇ ನಿಲ್ಲಿಸಬಾರದು. ವಾರ್ಫರಿನ್ ಗರ್ಭದ ಮಗುವಿಗೆ ಹಾನಿ ಮಾಡಬಹುದು. ಆದ್ದರಿಂದ ಮಗು ಬೇಕು ಅಂದುಕೊಂಡಾಗಲೇ ವೈದ್ಯರಿಗೆ ತಿಳಿಸಿ. ಗರ್ಭಿಣಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಜೊತೆ ಹೆಪಾರಿನ್ ಇಂಜೆಕ್ಷನ್ ಕೊಡ್ತಾರೆ. ಈ ಚಿಕಿತ್ಸೆಯಿಂದ ಹಲವರು ಸುಖವಾಗಿ ತಾಯಂದಿರಾಗಿದ್ದಾರೆ. ಬೀಡಿ, ಸಿಗರೇಟ್ ಬಿಡಲೇಬೇಕು.

ತಡ ಮಾಡಬೇಡಿ

ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಒಂದೇ ಕಾಲು ಊದಿ ನೋವು ಬಂದರೆ, ಬೆರಳು ಕಪ್ಪಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿ.