ಮುರಿದ ಭುಜ: ಶಸ್ತ್ರಚಿಕಿತ್ಸೆ ಬೇಕೇ, ಬೇಡವೇ?

ಭಾಲ್ಕಿ ತಾಲೂಕಿನ ಮೆಹಕರದಲ್ಲಿ ತೊಗರಿ ಕೊಯ್ಲಿನ ದಿನಗಳಲ್ಲಿ ಬದುವಿನ ಮೇಲೆ ಜಾರಿ ಬಿದ್ದ ವೃದ್ಧ ತಾಯಿಯೊಬ್ಬರನ್ನು ನೋಡಲು ನಾವು ಹೋಗಿದ್ದೆವು. ಎತ್ತು ಮಾರಿ ಆಪರೇಷನ್ ಮಾಡಿಸೋಣವೆಂದು ಹಿರಿಯ ಮಗ, ಎಣ್ಣೆ ತಿಕ್ಕಿಸಿ ಪಟ್ಟಿ ಕಟ್ಟಿಸೋಣವೆಂದು ಕಿರಿಯವನು ವಾದಿಸುತ್ತಿದ್ದರು. ತಾಯಿಯನ್ನು ಯಾರೂ ಕೇಳಿರಲಿಲ್ಲ. ಅವರು ನಮ್ಮನ್ನು ಕೇಳಿದ್ದು ಇಷ್ಟೇ: “ತಲಿ ಬಾಚ್ಕೊಳ್ಳಲಾಕ ಕೈ ಮ್ಯಾಲ ಏಳ್ತದೇನ್ರಿ, ಫಾದರ್?”

ತೋಳಿನ ಮೂಳೆಯ ದುಂಡುತಲೆ ಭುಜದ ಗುಳಿಗೆ ಆತುಕೊಂಡಿರುತ್ತದೆ. ವಯಸ್ಸಾಗಿ ಮೂಳೆ ಸವೆದವರಲ್ಲಿ ಈ ತಲೆಯ ಕೆಳಗಿನ ಭಾಗ ಸಣ್ಣ ಬೀಳುವಿಕೆಗೂ ಮುರಿಯುತ್ತದೆ. ಅಮೆರಿಕದ ವೈದ್ಯ ಚಾರ್ಲ್ಸ್ ನೀರ್ 1970ರಲ್ಲಿ ಇಂಥ ಮುರಿತಗಳನ್ನು ತುಂಡುಗಳ ಸ್ಥಾನಪಲ್ಲಟವನ್ನು ನೋಡಿ ವಿಂಗಡಿಸಿದರು. ತುಂಡುಗಳು ಹೆಚ್ಚು ಸರಿಯದಿದ್ದರೆ ಕೈಯನ್ನು ಜೋಳಿಗೆಯಲ್ಲಿ ಇರಿಸಿ, ನೋವು ತಗ್ಗಿದಂತೆ ವೈದ್ಯರು ಹೇಳಿದ ವ್ಯಾಯಾಮ ಮಾಡಿದರೆ ಸಾಮಾನ್ಯವಾಗಿ ಸಾಕು.

ತಲೆ ಕೀಲಿನಿಂದ ಜಾರಿದ್ದರೆ, ಮೂಳೆ ಚರ್ಮವನ್ನು ಸೀಳಿ ಬಂದಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ತಡಮಾಡುವಂತಿಲ್ಲ. ಆಗ ಪ್ಲೇಟು, ಸ್ಕ್ರೂಗಳಿಂದ ಜೋಡಿಸುತ್ತಾರೆ. ಕೆಲವರಿಗೆ ಕೃತಕ ಕೀಲು ಕೂಡಿಸುತ್ತಾರೆ.

ಆದರೆ ಶಸ್ತ್ರಚಿಕಿತ್ಸೆಗೂ ತನ್ನದೇ ಅಪಾಯಗಳಿವೆ. ಸವೆದ ಮೂಳೆಯಲ್ಲಿ ಸ್ಕ್ರೂ ನಿಲ್ಲದೆ ಕೀಲಿನೊಳಗೆ ಚುಚ್ಚಬಹುದು. ಕೀವು ತುಂಬಬಹುದು. ಭುಜವನ್ನು ಎತ್ತುವ ಸ್ನಾಯುವಿನ ನರಕ್ಕೆ ಪೆಟ್ಟಾಗಬಹುದು. ಆಗ ಮತ್ತೊಮ್ಮೆ ಆಪರೇಷನ್ ಬೇಕಾಗಬಹುದು. ರಕ್ತದ ಪೂರೈಕೆ ನಿಂತು ಮೂಳೆಯ ತಲೆ ಸಾಯುವುದು, ಭುಜ ಬಿಗಿಯುವುದು ಶಸ್ತ್ರಚಿಕಿತ್ಸೆ ಇಲ್ಲದೆಯೂ ಉಂಟು.

ಬ್ರಿಟನ್ನಿನಲ್ಲಿ ಸ್ಥಾನ ತಪ್ಪಿದ ಮುರಿತವಿದ್ದ 250 ರೋಗಿಗಳನ್ನು ಎರಡು ವರ್ಷ ಗಮನಿಸಿದ ‘ಪ್ರೋಫರ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಿಗೂ ಜೋಳಿಗೆಯಲ್ಲೇ ಗುಣಪಟ್ಟವರಿಗೂ ಕೈಯ ಬಳಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಮೇಲೆ ಹೇಳಿದ ತುರ್ತು ಪ್ರಸಂಗಗಳಿಗೆ ಈ ಮಾತು ಅನ್ವಯಿಸದು. ಉಳಿದವರ ವಿಷಯದಲ್ಲಿ, ಮಾಡಬಹುದು ಎಂಬುದರಿಂದ ಮಾಡಲೇಬೇಕು ಎಂಬ ತೀರ್ಮಾನ ಹೊರಡುವುದಿಲ್ಲ.

ಹಾಗೆಂದು ಮುರಿದ ಭುಜಕ್ಕೆ ಎಣ್ಣೆ ತಿಕ್ಕುವುದು ಸಲ್ಲದು. ಸರಿದ ತುಂಡು ಇನ್ನಷ್ಟು ಸರಿದೀತು. ಮೊದಲು ಎಕ್ಸ್‌ರೇ ಆಗಲಿ. ಬೆರಳು ಜೋಮು ಹಿಡಿದರೆ, ತಣ್ಣಗಾದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಆಪರೇಷನ್ ಮಾಡದಿದ್ದರೆ ಏನಾಗುತ್ತದೆ, ಮಾಡಿದರೆ ಎಷ್ಟು ಕೈ ಏಳುತ್ತದೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.

ಆ ತಾಯಿಯ ಮುರಿತ ಹೆಚ್ಚು ಸರಿದಿರಲಿಲ್ಲ. ವೈದ್ಯರು ಜೋಳಿಗೆ ಸಾಕೆಂದರು. ಎತ್ತು ಕೊಟ್ಟಿಗೆಯಲ್ಲೇ ಉಳಿಯಿತು. ಅವರ ಕೈ ಈಗಲೂ ಪೂರ್ತಿ ಮೇಲೇಳುವುದಿಲ್ಲ. ತಲೆ ಬಾಚಿಕೊಳ್ಳುವಷ್ಟು ಏಳುತ್ತದೆ.