ಹೆಸರು ಹಲವು, ವಸ್ತು ಒಂದು: ರೋಗನಿರೋಧ ವಿಜ್ಞಾನಕ್ಕೊಂದು ಹೊಸ ನಿಘಂಟು

ಗಡಿನಾಡಿನವರಾದ ನಮಗೆ ಈ ಅನುಭವ ಹೊಸದೇನಲ್ಲ. ಹೊಸೂರು, ತಾಳವಾಡಿಗಳ ಕಡೆ ಜಮೀನನ್ನು ಸೆಂಟಿನ ಲೆಕ್ಕದಲ್ಲಿ ಹೇಳುವರು. ಗಡಿ ದಾಟಿ ಆನೇಕಲ್ಲಿಗೋ ಚಾಮರಾಜನಗರಕ್ಕೋ ಹೋದರೆ ಗುಂಟೆಯ ಲೆಕ್ಕ. ಮದುವೆಯ ಮಾತುಕತೆಯಲ್ಲಿ ಒಬ್ಬರು ‘ನೂರು ಸೆಂಟು’ ಎಂದು, ಇನ್ನೊಬ್ಬರು ‘ನಲವತ್ತು ಗುಂಟೆ’ ಎಂದು ಹೇಳಿದರೆ, ಅರಿಯದವನಿಗೆ ಮೊದಲನೆಯವರೇ ಸಿರಿವಂತರೆಂದು ತೋರೀತು. ವಾಸ್ತವದಲ್ಲಿ ಎರಡೂ ಒಂದೊಂದು ಎಕರೆಯೇ. ಊರ ಹಿರಿಯರು ಇದನ್ನು ನಿಮಿಷದಲ್ಲಿ ಬಿಡಿಸಿಯಾರು. ಆದರೆ ಇಂಥದೇ ಗೊಂದಲವು ಪ್ರಾಣರಕ್ಷಣೆಗೆ ಸಂಬಂಧಿಸಿದ ವಿಜ್ಞಾನದಲ್ಲಿ ತಲೆದೋರಿದರೆ?

ನಮ್ಮ ದೇಹವು ರೋಗಾಣುಗಳೊಡನೆ ಹೋರಾಡುವ ಬಗೆಯನ್ನು ಅಭ್ಯಸಿಸುವ ಶಾಸ್ತ್ರಕ್ಕೆ ರೋಗನಿರೋಧ ವಿಜ್ಞಾನವೆಂದು ಹೆಸರು. ಈ ಹೋರಾಟದ ಸೈನಿಕರು ಬಿಳಿಯ ರಕ್ತಕಣಗಳು. ಅವುಗಳ ಮೈಮೇಲಿನ ಗುರುತುಗಳಿಂದ ಇದು ಯಾವ ಪಡೆಯದು ಎಂದು ವಿಜ್ಞಾನಿಗಳು ತಿಳಿಯುತ್ತಾರೆ. 1980ರ ಸುಮಾರಿಗೆ ಪ್ರತಿಯೊಂದು ಪ್ರಯೋಗಶಾಲೆಯೂ ಈ ಗುರುತುಗಳಿಗೆ ತನಗೆ ತೋಚಿದ ಹೆಸರನ್ನು ಇಟ್ಟುಕೊಂಡಿತ್ತು. ಒಬ್ಬರು ‘ಟಿ4’ ಎಂದದ್ದನ್ನೇ ಇನ್ನೊಬ್ಬರು ‘ಲ್ಯೂ-3’ ಎಂದರು. 1982ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಯಾಗಾರವು ಇಂಥ ಗುರುತುಗಳಿಗೆ ‘ಸಿಡಿ’ ಎಂಬ ಅಕ್ಷರಗಳೊಡನೆ ಸಮಾನ ಸಂಖ್ಯೆಗಳನ್ನು ಕೊಡುವ ಪದ್ಧತಿಯನ್ನು ಆರಂಭಿಸಿತು. ಅದರಿಂದ ಆ ಗುರುತು ‘ಸಿಡಿ4’ ಆಯಿತು. ಎಚ್‌ಐವಿ ವೈರಸ್ಸು ಮುಖ್ಯವಾಗಿ ಆಕ್ರಮಿಸುವುದು ಈ ಗುರುತುಳ್ಳ ಕೋಶಗಳನ್ನೇ. ಇಂದು ಯಾವ ಊರಿನ ಆಸ್ಪತ್ರೆಯಲ್ಲಿ ‘ಸಿಡಿ4 ಎಣಿಕೆ’ ಎಂದರೂ ವೈದ್ಯರಿಗೆ ಅದರ ಅರ್ಥ ಒಂದೇ ಆಗಿರುವುದು ಈ ಒಡಂಬಡಿಕೆಯ ಫಲ.

ಕೋಶಗಳು ಹೊರಸೂಸುವ ವಸ್ತುಗಳ ಕಥೆಯೂ ಇಂಥದೇ. ಒಂದು ಕಡೆ ಪ್ರತಿಕಾಯಗಳ ಉತ್ಪಾದನೆಗೆ ಪ್ರಚೋದಕವೆಂದು, ಮತ್ತೊಂದು ಕಡೆ ಯಕೃತ್ತಿನ ಕೋಶಗಳಿಗೆ ಪ್ರಚೋದಕವೆಂದು, ಇನ್ನೊಂದು ಕಡೆ ಇಂಟರ್‌ಫೆರಾನ್ ಬೀಟಾ-2 ಎಂದು ಬೇರೆಬೇರೆಯಾಗಿ ಶೋಧಿಸಿದ ವಸ್ತುಗಳು ಒಂದೇ ಪ್ರೋಟೀನೆಂಬುದು 1980ರ ದಶಕದ ಉತ್ತರಾರ್ಧದಲ್ಲಿ ಸ್ಪಷ್ಟವಾಯಿತು. ಅದೇ ಇಂದಿನ ಇಂಟರ್‌ಲ್ಯೂಕಿನ್-6. ಅದರ ಕಾರ್ಯವನ್ನು ತಡೆಯುವ ಔಷಧಿಗಳು ಈಗ ಸಂಧಿವಾತದ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ.

ಹೆಸರು ಒಂದಾದರೆ ಸಾಕೇ? ಮನುಷ್ಯರು ಓದುವುದಾದರೆ ಬಹುಮಟ್ಟಿಗೆ ಸಾಕು. ಆದರೆ ಸಂಶೋಧನೆಯ ಫಲಿತಾಂಶಗಳು ಇಂದು ಬೆಟ್ಟದಂತೆ ಬೆಳೆದಿದ್ದು, ಅವನ್ನು ಹುಡುಕಿ ಜೋಡಿಸುವ ಕೆಲಸ ಗಣಕಯಂತ್ರದ ಪಾಲಿಗೆ ಬಂದಿದೆ. ಟಿ ಕೋಶವೂ ಲಿಂಫೋಸೈಟೇ ಎಂಬುದು ವೈದ್ಯ ವಿದ್ಯಾರ್ಥಿಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ವ್ಯವಸ್ಥೆಗೆ ‘ಆಂಟಾಲಜಿ’ ಎಂದು ಹೆಸರು. ‘ಇರುವುದೇನು?’ ಎಂದು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆಯಿಂದ ಎರವಲು ಪಡೆದ ಪದವಿದು.

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಇದರ ಸ್ವರೂಪ ಸುಲಭವಾಗಿ ಹೊಳೆದೀತು. ಅಲ್ಲಿ ಒಂದು ವಸ್ತುವಿನ ಪರ್ಯಾಯನಾಮಗಳೆಲ್ಲ ಒಂದೆಡೆ ಸೇರಿವೆ. ವಸ್ತುಗಳು ವರ್ಗವರ್ಗವಾಗಿ ನಿಂತಿವೆ. ಆಂಟಾಲಜಿಯಲ್ಲಿ ಇವೆರಡರ ಜೊತೆಗೆ ಪ್ರತಿಯೊಂದಕ್ಕೂ ಒಂದು ಲಕ್ಷಣವಾಕ್ಯ, ಬದಲಾಗದ ಒಂದು ಸಂಖ್ಯೆ ಹಾಗೂ ಇತರ ವಸ್ತುಗಳೊಡನೆ ಅದಕ್ಕಿರುವ ಸಂಬಂಧ ದಾಖಲಾಗುತ್ತವೆ. ನೊಣ, ಇಲಿ, ಯೀಸ್ಟುಗಳ ಅಧ್ಯಯನಕಾರರು 1998ರಲ್ಲಿ ಜೀನುಗಳಿಗಾಗಿ ಇಂಥದೊಂದನ್ನು ಆರಂಭಿಸಿದರು. ಅನಂತರ ಜೀವಕೋಶಗಳಿಗೆ, ಪ್ರಯೋಗವಿಧಾನಗಳಿಗೆ, ಲಸಿಕೆಗಳಿಗೆ ಬೇರೆಬೇರೆ ಆಂಟಾಲಜಿಗಳು ಹುಟ್ಟಿದವು. ಜೀವಕೋಶಗಳ ಆಂಟಾಲಜಿಯಲ್ಲಿ ಟಿ ಕೋಶದ ಸಂಖ್ಯೆ ಸಿಎಲ್ 0000084. ಅದು ಲಿಂಫೋಸೈಟಿನ ಒಂದು ಬಗೆಯೆಂದು ಅಲ್ಲಿಯೇ ನಮೂದಾಗಿದೆ. ಆದಕಾರಣ ‘ಲಿಂಫೋಸೈಟ್’ ಎಂದು ಹುಡುಕಿದವನಿಗೆ, ಆ ಪದವನ್ನೇ ಬಳಸದೆ ಟಿ ಕೋಶವೆಂದಷ್ಟೇ ದಾಖಲಿಸಿದ ಪ್ರಯೋಗವೂ ದೊರೆಯುವಂತಾಗುತ್ತದೆ.

ಇದರ ಪ್ರಯೋಜನ 2020ರಲ್ಲಿ ಕಂಡುಬಂತು. ರೋಗಾಣುವಿನ ಯಾವ ಭಾಗವನ್ನು ದೇಹವು ಗುರುತು ಹಿಡಿಯುತ್ತದೆಂಬ ಪ್ರಕಟಿತ ಶೋಧನೆಗಳನ್ನು, ಅಮೆರಿಕದ ಲಾ ಹೋಯಾದ ವಿಜ್ಞಾನಿಗಳು ‘ಇಮ್ಯೂನ್ ಎಪಿಟೋಪ್ ಡೇಟಾಬೇಸ್’ ಎಂಬ ಮುಕ್ತ ಭಂಡಾರದಲ್ಲಿ ಆಂಟಾಲಜಿಗಳ ನೆರವಿನಿಂದ ಅಳವಡಿಸುತ್ತಾ ಬಂದಿದ್ದರು. 2003ರ ಸಾರ್ಸ್ ರೋಗದ ವೈರಸ್ಸಿನ ವಿವರಗಳೂ ಅದರಲ್ಲಿದ್ದವು. ಕೋವಿಡ್ ಹಬ್ಬತೊಡಗಿದಾಗ ಆ ಹಳೆಯ ವಿವರಗಳನ್ನು ಹೊಸ ವೈರಸ್ಸಿನೊಡನೆ ಹೋಲಿಸಿ, ದೇಹವು ಇದರ ಯಾವ ಭಾಗಗಳನ್ನು ಗುರುತಿಸಬಹುದೆಂಬ ಮುನ್ಸೂಚನೆಯನ್ನು ಬೇಗನೆ ಕೊಡಲು ಸಾಧ್ಯವಾಯಿತು. ಎಂದೋ ಯಾರೋ ರೋಗಿಗಳು ಕೊಟ್ಟ ರಕ್ತದಿಂದ ಪಡೆದ ಅರಿವು ಹದಿನೇಳು ವರ್ಷಗಳ ಬಳಿಕ ಅಪರಿಚಿತರ ನೆರವಿಗೆ ಬಂದಿತು. ಮನಬಂದಂತೆ ಹೆಸರಿಟ್ಟು ಯಾವುದೋ ಕಪಾಟಿನಲ್ಲಿ ಬಿಟ್ಟಿದ್ದರೆ, ಆ ದಾನ ಇದ್ದೂ ಇಲ್ಲದಂತಾಗುತ್ತಿತ್ತು.

ಇದು ಸರ್ವರೋಗ ನಿವಾರಿಣಿಯೇನೂ ಅಲ್ಲ. ತಪ್ಪಾಗಿ ಅಳೆದದ್ದನ್ನು ಯಾವ ಆಂಟಾಲಜಿಯೂ ಸರಿಪಡಿಸಲಾರದು. ಒಂದೊಂದು ಲೇಖನವನ್ನೂ ಓದಿ ತಕ್ಕ ಸಂಖ್ಯೆಯೊಡನೆ ಜೋಡಿಸಲು ತಿಳಿದವರ ತಾಳ್ಮೆಯ ದುಡಿಮೆ ಬೇಕು. ತಜ್ಞರಲ್ಲಿ ಭಿನ್ನಾಭಿಪ್ರಾಯ ಬಂದಾಗ ಲಕ್ಷಣವಾಕ್ಯಗಳನ್ನು ತಿದ್ದಬೇಕು. ಹೆಸರಾಗಲಿ ಕೀರ್ತಿಯಾಗಲಿ ಬಾರದ ಕೆಲಸವಿದು, ಆದರೂ ಮಾಡುವವರಿದ್ದಾರೆ.

ಗಡಿಯಲ್ಲಿ ಬಾಳುವ ನಮಗೆ ಇದರಲ್ಲಿ ಮೆಚ್ಚಿಕೆಯಾಗುವ ಒಂದು ಅಂಶವಿದೆ. ಹಳೆಯ ಹೆಸರುಗಳನ್ನು ಆಂಟಾಲಜಿ ಅಳಿಸುವುದಿಲ್ಲ. ಪರ್ಯಾಯನಾಮಗಳಾಗಿ ಒಂದೇ ಸಂಖ್ಯೆಯ ಕೆಳಗೆ ಉಳಿಸಿಕೊಳ್ಳುತ್ತದೆ. ನಾಳೆ ಯಾರಾದರೂ ಟಿ ಕೋಶಕ್ಕೆ ಅಚ್ಚಗನ್ನಡದ ಹೆಸರನ್ನಿಟ್ಟರೂ ಸಂಖ್ಯೆ ಅದೇ ಆಗಿರುತ್ತದೆ. ಸೆಂಟೆನ್ನುವವರು ಸೆಂಟೆನ್ನಲಿ, ಗುಂಟೆಯೆನ್ನುವವರು ಗುಂಟೆಯೆನ್ನಲಿ; ಎಕರೆಯ ಲೆಕ್ಕ ಇಬ್ಬರಿಗೂ ತಿಳಿದಿದ್ದರೆ ಸಾಕು.